ಬಿಡುವಿನ ಹೊಲಿಗೆ

ಸಮೀಕ್ಷೆಯವನು ಬಂದಾಗ ಚೆಂಡಕ್ಕ ಆ ದಿನದ ಎರಡನೆಯ ಚೆಂಡಿನ ಕೊನೆಯ ತುಂಡು ಕೂಡಿಸುತ್ತಿದ್ದಳು. ಹೊಲಿಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಘಟ್ಟ ಅದು. ಮೂವತ್ತೆರಡು ತುಂಡುಗಳಲ್ಲಿ ಮೂವತ್ತೊಂದು ಸೇರಿ, ಒಳಗೆ ರಬ್ಬರಿನ ಚೀಲ ಕೂತು, ಇನ್ನೆರಡು ಅಂಚು ಮಾತ್ರ ಬಾಯಿಬಿಟ್ಟುಕೊಂಡಿರುತ್ತವೆ. ಅಲ್ಲಿಯವರೆಗೆ ಒಳಮಗ್ಗುಲಿಂದ ಹೊಲಿಯುತ್ತ ಬಂದದ್ದನ್ನು ಈಗ ಹೊರಗಿನಿಂದ ಮುಚ್ಚಬೇಕು, ಗಂಟು ಒಳಗೇ ಅಡಗಬೇಕು, ದಾರದ ಎಳೆಯೂ ಹೊರಗೆ ಕಾಣಬಾರದು. ಮೊಣಕಾಲುಗಳ ನಡುವೆ ಮರದ ಇಕ್ಕಳ, ಎರಡು ಕೈಯಲ್ಲಿ ಎರಡು ಸೂಜಿ, ಹಲ್ಲಿನ ನಡುವೆ ಮೇಣ ಸವರಿದ ದಾರದ ತುದಿ. ಹಾಗಾಗಿ ಬಾಗಿಲಲ್ಲಿ ನಿಂತವನಿಗೆ ಅವಳು ಬಾಯಿಬಿಟ್ಟು ಏನೂ ಹೇಳಲಿಲ್ಲ. ಗದ್ದ ಎತ್ತಿ, ಒಳಗೆ ಬಾ ಎಂದು ಸನ್ನೆ ಮಾಡಿದಳು.

ಬಂದವನು ಕನ್ನಡಕದವನು, ಅವಳ ಮಗಳ ಜೊತೆ ಕೆಲಸ ಮಾಡುವವನು. ಮಗಳು ಕಾಲೇಜು ಮುಗಿಸಿ ಎಂಟು ತಿಂಗಳಿಂದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಳು. ಮಾರುಕಟ್ಟೆ, ಕೂಲಿ, ಬಡತನ, ಅಭಿವೃದ್ಧಿ ಅಂತ ಏನೇನೋ ಅಳೆದು, ಸರ್ಕಾರಕ್ಕೆ ಹೀಗೆ ಮಾಡಿ ಹಾಗೆ ಮಾಡಿ ಎಂದು ಬುದ್ಧಿ ಹೇಳುವ ಸಂಸ್ಥೆ. ಮಗಳ ಕೆಲಸ ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಕೈಯಲ್ಲಿನ ಟ್ಯಾಬಿನಲ್ಲಿ ಉತ್ತರ ಒತ್ತುವುದು. ಸ್ವಂತ ಮನೆಯಲ್ಲಿ ತಾವೇ ಕೇಳುವಂತಿಲ್ಲ ಎಂಬುದು ಅಲ್ಲಿನ ನಿಯಮ. ಅದಕ್ಕೇ ಈ ಮನೆ ಕನ್ನಡಕದವನ ಪಾಲಿಗೆ ಬಂದಿತ್ತು.

"ಮನೆ ಯಜಮಾನರು?"

"ನಾನೇ," ಎಂದು ಗಂಡ ಕುರ್ಚಿಯಲ್ಲಿ ನೆಟ್ಟಗಾದ. ಚೆಂಡಿನ ಕಂಪನಿಯ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿ ಅವನು. ಅಂದು ವಾರದ ರಜೆ. ತನ್ನನ್ನು ಯಜಮಾನ ಎಂದು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡ.

"ನಿಮ್ಮ ತಾಯಿ?"

"ಹಾಸಿಗೆ ಹಿಡಿದಿದಾರೆ."

"ಹಾಸಿಗೆ ನನ್ನ ಹಿಡ್ಕೊಂಡಿದೆ ಕಣಪ್ಪ, ನಾನು ಅದನ್ನ ಹಿಡಿದಿಲ್ಲ," ಎಂದಳು ಮೂಲೆಯ ಮಂಚದಿಂದ ಮುದುಕಿ. ಸೊಂಟದ ಮೂಳೆ ಮುರಿದು ಮೂರು ವರ್ಷವಾಗಿತ್ತು. ಬಾಯಿ ಮಾತ್ರ ಗಟ್ಟಿಮುಟ್ಟಾಗಿತ್ತು.

"ನಿಮ್ಮ ಮನೆಯವರು? ಏನು ಕೆಲಸ ಮಾಡ್ತಾರೆ?"

"ಏನಿಲ್ಲ. ಮನೇಲೇ ಇರ್ತಾಳೆ."

ಚೆಂಡಕ್ಕನ ಸೂಜಿ ತೂತಿನಲ್ಲಿ ಅರ್ಧ ಹೋಗಿ ನಿಂತಿತು.

"ಅಂದ್ರೆ ಕೂಲಿ ಬರೋ ಅಂಥ ಕೆಲಸ ಯಾವ್ದೂ…"

"ಹೆಂಡ್ತೀನ ಕೆಲಸಕ್ಕೆ ಕಳ್ಸೋಷ್ಟು ಗತಿಗೆಟ್ಟಿಲ್ಲ ನಾವು," ಎಂದ ಗಂಡ. ಆಮೇಲೆ ಕನ್ನಡಕದವನ ಕಣ್ಣು ಅವಳ ಕಡೆ ಹೊರಳಿದ್ದನ್ನು ನೋಡಿ, "ಇದಾ? ಸುಮ್ನೆ ಕೂತು ಏನು ಮಾಡ್ತಾಳೆ, ಬಿಡುವಾದಾಗ ಒಂದೆರಡು ಚೆಂಡು ಹೊಲೀತಾಳೆ. ಹೊತ್ತು ಹೋಗ್ಬೇಕಲ್ಲ," ಎಂದು ಸೇರಿಸಿದ.

ಕನ್ನಡಕದವನು ಒಂದು ಕ್ಷಣ ತಡವರಿಸಿದ. ಕೈಗಡಿಯಾರ ನೋಡಿಕೊಂಡ. ಗಾಜಿನ ಮೇಲೆ ಬೆರಳು ಒತ್ತಿದ. ಚೆಂಡಕ್ಕ ದಾರವನ್ನು ಹಲ್ಲಿನಿಂದ ಬಿಡಿಸಿ ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು, "ಆಯ್ತು, ಥ್ಯಾಂಕ್ಸ್," ಎಂದು ಎದುರುಮನೆಯ ಮೆಟ್ಟಿಲು ಹತ್ತಿಯಾಗಿತ್ತು.

ಸಂಜೆ ಊಟಕ್ಕೆ ಕೂತಾಗ ಅವಳು ಅನ್ನದ ಪಾತ್ರೆಯನ್ನು ಗಂಡನ ಮುಂದೆ ಕುಕ್ಕಿದಳು.

"ಬಡಿಸ್ಕೊಳ್ಳಿ. ನಾನು ಏನೂ ಕೆಲಸ ಮಾಡದವಳು. ಬಡಿಸೋದು ಕೆಲಸ ಆಗಿಬಿಟ್ರೆ ಲೆಕ್ಕ ತಪ್ಪತ್ತೆ."

"ಶುರುವಾಯ್ತಾ?" ಎಂದ ಗಂಡ. "ಅವನು ಕೇಳಿದ್ದು ನೌಕರಿ. ನೌಕರಿ ಅಂದ್ರೆ ಹೊರಗೆ ಹೋಗೋದು, ಬರೋದು. ನೀನು ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೆ ಹೋಗ್ಲಿ? ನಿಮ್ಮಮ್ಮನ್ನ ಬಚ್ಚಲಿಗೆ ಎತ್ಕೊಂಡು ಹೋಗೋರು ಯಾರು? ಬೆಳಿಗ್ಗೆ ಐದಕ್ಕೆ ಎದ್ರೆ ಮಧ್ಯಾಹ್ನದೊಳಗೆ ಒಂದು ಚೆಂಡು, ದೀಪ ಹಚ್ಚೋದ್ರೊಳಗೆ ಎರಡು. ನಿಮ್ಮ ಬೆನ್ನು ಹಿಡ್ಕೊಂಡು ಏಳು ತಿಂಗಳು ಮಲಗಿದ್ರಲ್ಲ, ಆಗ ಈ ಮನೆ ಬಾಡಿಗೆ ಯಾರ ಹೊತ್ತು ಹೋಗೋದ್ರಿಂದ ಬಂತು?"

"ಅದನ್ನ ಹೊರಗಿನವ್ನ ಮುಂದೆ ಹೇಳ್ಬೇಕಿತ್ತಾ?"

"ಯಾಕೆ ಹೇಳ್ಬಾರದಿತ್ತು?"

ಗಂಡ ತಟ್ಟೆಯಲ್ಲಿ ಕೈ ತಿರುಗಿಸತೊಡಗಿದ. ಮಗಳು ಮಾತ್ರ, "ಅಮ್ಮ, ಅದು ಬರೀ ಒಂದು ಸಮೀಕ್ಷೆ. ಸಾವಿರಾರು ಮನೇಲಿ ನಮ್ಮದೂ ಒಂದು. ಯಾಕಿಷ್ಟು ತಲೆ ಕೆಡಿಸ್ಕೊತೀಯ?" ಎಂದಳು. ಚೆಂಡಕ್ಕ ಮಗಳ ಮುಖ ನೋಡಿದಳು. ಓದಿಸಿದ ಮಗಳು. ಆ ಓದಿನ ಮೂರು ವರ್ಷದ ಫೀಸೂ ಈ ಬಿಡುವಿನಲ್ಲೇ ಹೊಲಿದದ್ದು. ಅದನ್ನು ಹೇಳಲು ಹೊರಟವಳು ಎದ್ದು ಅತ್ತೆಗೆ ಅನ್ನ ಮಿದಿಯಲು ಹೋದಳು.

ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಐದು ತಿಂಗಳ ಮೇಲೆ ಮೇಸ್ತ್ರಿ ಬಂದ.

ಮೇಸ್ತ್ರಿ ಎಂದರೆ ಕಂಪನಿಗೂ ಓಣಿಗೂ ನಡುವಿನ ಆಳು. ಸೋಮವಾರ ತುಂಡುಗಳ ಚೀಲ ಕೊಟ್ಟು, ಶನಿವಾರ ಚೆಂಡು ಎಣಿಸಿ ಒಯ್ಯುತ್ತಿದ್ದ. ಹೊಲಿಗೆ ಸಡಿಲ ಎಂದು ಹತ್ತರಲ್ಲಿ ಒಂದನ್ನಾದರೂ ಪಕ್ಕಕ್ಕಿಡುತ್ತಿದ್ದ. ಪಕ್ಕಕ್ಕಿಟ್ಟ ಚೆಂಡಿಗೆ ಕೂಲಿಯಿಲ್ಲ, ಆದರೆ ಆ ಚೆಂಡು ವಾಪಸ್ಸೂ ಬರುತ್ತಿರಲಿಲ್ಲ. ಒಂದು ಚೆಂಡಿಗೆ ಇಷ್ಟು ಎಂದು ಕನಿಷ್ಠ ಕೂಲಿ ಗೊತ್ತು ಮಾಡಿ ಎಂದು ಓಣಿಯ ನೂರ ನಲವತ್ತು ಹೆಂಗಸರು ಎರಡು ವರ್ಷದ ಹಿಂದೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದರು. ಮೂರು ಚೆಂಡು ಹೊಲಿದರೂ ಒಂದು ಸೀಸೆ ಅಡುಗೆ ಎಣ್ಣೆ ಬಾರದ ಕೂಲಿ ಅದು. ಈಗಿನದರ ಎರಡು ಪಟ್ಟು ಕೊಡಿ ಎಂದು ಕೇಳಿದ್ದರು. ಇಲಾಖೆಯವರು, ನೋಡೋಣ, ತಜ್ಞರ ವರದಿ ಬರಲಿ ಎಂದಿದ್ದರು.

"ವರದಿ ಬಂತಂತೆ ಅಕ್ಕ," ಎಂದ ಮೇಸ್ತ್ರಿ, ಚೀಲ ಇಳಿಸುತ್ತ. "ನಿಮ್ಮ ಫೈಲು ಮುಚ್ಚಿದ್ರು."

"ಯಾಕೆ?"

"ಯಾಕೇಂದ್ರೆ ನೀವ್ಯಾರೂ ಕೆಲಸ ಮಾಡೋರೇ ಅಲ್ವಂತೆ!" ಅವನು ನಕ್ಕ. ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. "ದೊಡ್ಡ ದೊಡ್ಡೋರು ಬರೆದವ್ರೆ. ನೀವೆಲ್ಲ ಹೊತ್ತು ಹೋಗ್ದೆ ಹೊಲಿಯೋದಂತೆ. ಹೊತ್ತು ಹೋಗ್ಲಿ ಅಂತ ಮಾಡೋದಕ್ಕೆ ಯಾರಾದ್ರೂ ಕೂಲಿ ಗೊತ್ತು ಮಾಡ್ತಾರಾ ಹೇಳಿ?"

ಚೆಂಡಕ್ಕನ ಮೈಯೆಲ್ಲ ಉರಿದು ಹೋಯಿತು. ಹೊತ್ತು ಹೋಗಬೇಕಲ್ಲ ಎಂಬ ಮಾತು ಯಾರ ಬಾಯಿಂದ ಹೊರಟಿತು ಎಂದು ಅವಳಿಗೆ ಗೊತ್ತಿತ್ತು.

ಅಂದು ಮಗಳು ಬರುವುದನ್ನೇ ಕಾದು ಕೂತಳು. ಚಪ್ಪಲಿ ಬಿಡುವ ಮೊದಲೇ, "ಆ ವರದಿ ನಿಮ್ಮದೇನೇ?" ಎಂದಳು.

ಮಗಳ ಮುಖ ಬಿಳಿಚಿತು. ಚೀಲದಿಂದ ದಪ್ಪ ಪುಸ್ತಕ ತೆಗೆದು ನೆಲದ ಮೇಲಿಟ್ಟಳು. ಅದು ಅವಳ ಚೀಲದಲ್ಲಿ ನಾಲ್ಕು ದಿನದಿಂದ ಇತ್ತು. ನುಣುಪು ಕಾಗದ. ರಟ್ಟಿನ ಮೇಲೆ ಬಣ್ಣದ ಚಿತ್ರ: ಚೆಂಡು ಹೊಲಿಯುತ್ತಿರುವ ಎರಡು ಹೆಣ್ಣು ಕೈ, ಬೆರಳಿಗೆ ಸುತ್ತಿದ ಬಟ್ಟೆಯ ಪಟ್ಟಿಯೂ ಸ್ಪಷ್ಟ.

"ಓದು."

ಮಗಳು ಹಾಳೆ ತಿರುವಿದಳು. "ಈ ಪ್ರದೇಶದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಎಂಬತ್ತೆರಡು ಮಂದಿ ಯಾವುದೇ ದುಡಿಮೆಯಲ್ಲಿ ತೊಡಗಿಲ್ಲ. ಮನೆಗಳಲ್ಲಿ ನಡೆಯುವ ಚೆಂಡಿನ ಹೊಲಿಗೆಯು ಬಿಡುವಿನ ವೇಳೆಯ ಪೂರಕ ಚಟುವಟಿಕೆಯಾಗಿದ್ದು, ಇದಕ್ಕೆ ಕನಿಷ್ಠ ಕೂಲಿ ನಿಗದಿಪಡಿಸಿದಲ್ಲಿ ಮಾರುಕಟ್ಟೆಯ ಸಮತೋಲನಕ್ಕೆ ಧಕ್ಕೆಯಾಗುವ ಸಂಭವವಿದೆ."

"ರಟ್ಟಿನ ಮೇಲೆ ಹೊಲಿಯೋ ಕೈ. ಒಳಗೆ ದುಡಿಮೆಯಿಲ್ಲ," ಎಂದಳು ಚೆಂಡಕ್ಕ. "ಇದು ಯಾರ ಕೈ? ಇದೂ ಹೊತ್ತು ಹೋಗ್ದೆ ಫೋಟೋಕ್ಕೆ ಕೂತಿದ್ದಾ?"

"ಅಮ್ಮ, ನಾನು ಬರೆದಿದ್ದಲ್ಲ ಇದು. ನಾನು ಬರೀ ಕೇಳಿ ತುಂಬಿದ್ದು."

"ಯಾರನ್ನ ಕೇಳಿ?"

ಮಗಳು ಬಗ್ಗಿ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು.

"ಯಾರನ್ನ ಕೇಳ್ದೆ ಹೇಳೇ. ಹೊಲಿಯೋಳನ್ನ ಕೇಳಿದ್ಯಾ?"

"ಹೆಂಗಸರ ಪ್ರಶ್ನೆ ಹೆಂಗಸರನ್ನೇ ಕೇಳ್ಬೇಕು ಅಂತ ಕಾಗದದಲ್ಲಿತ್ತು," ಎಂದಳು ಮಗಳು, ನೆಲ ನೋಡುತ್ತ. "ಆದ್ರೆ ದಿನಕ್ಕೆ ಹನ್ನೆರಡು ಮನೆ ಮುಗಿಸ್ಬೇಕಿತ್ತು. ಒಂದು ಮನೆಗೆ ಹದಿನೆಂಟು ನಿಮಿಷ. ಮೇಲ್ವಿಚಾರಕರು ಹೇಳಿದ್ರು, ಯಜಮಾನ ಸಿಕ್ರೆ ಅವನನ್ನೇ ಕೇಳಿ ಮುಗಿಸಿ, ಎಲ್ಲಾ ಒಂದೇ ಅಂತ. ನಾನೂ ಹಾಗೇ ಮಾಡಿದೆ. ಮುನ್ನೂರು ಮನೆ."

"ಮುನ್ನೂರು ಮನೆ!" ಮೂಲೆಯಿಂದ ಅಜ್ಜಿ ಹೇಳಿದಳು. "ಮುನ್ನೂರು ಮನೇಲೂ ನನ್ನ ಮಗನಂಥೋರೇ ಸಿಕ್ಕಿದ್ರೇನೇ? ಒಬ್ಬನಿಗಾದ್ರೂ ಹೆಂಡ್ತಿ ಕಣ್ಣಿಗೆ ಕಾಣ್ಲಿಲ್ವಾ?"

ಗಂಡ ಆಗಷ್ಟೇ ಒಳಗೆ ಬಂದವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡೇ ಇದ್ದ. ಬೆವರು ಒಣಗಿದ ಮೇಲೂ ಒರೆಸುತ್ತಲೇ ಇದ್ದ.

"ನಾಳೆ ನನ್ನ ನಿಮ್ಮ ಆಫೀಸಿಗೆ ಕರ್ಕೊಂಡು ಹೋಗು," ಎಂದಳು ಚೆಂಡಕ್ಕ.

"ಅಮ್ಮ, ನನ್ನ ಕೆಲಸ ಹೋಗತ್ತೆ."

"ನನ್ನದು ಹೋಗಿಯಾಯ್ತಲ್ಲ. ನಿಂದಾದ್ರೂ ಕೆಲಸ ಅಂತಾರೆ, ಹೋದ್ರೆ ಹೋಯ್ತು ಅಂತ ಗೊತ್ತಾಗತ್ತೆ. ನಂದು ಇತ್ತು ಅಂತಾನೇ ಯಾರಿಗೂ ಗೊತ್ತಿಲ್ಲ."

ಮರುದಿನ ಎದುರುಮನೆ ಅಕ್ಕನನ್ನು ಅತ್ತೆಯ ಬಳಿ ಕೂರಿಸಿ, ಇದ್ದ ಒಂದೇ ಒಳ್ಳೆಯ ಬಟ್ಟೆ ಉಟ್ಟು ಹೊರಟಳು. ಮಗಳು ಮುಂದೆ, ಅವಳು ಹಿಂದೆ.

ಸಂಸ್ಥೆಯ ಕಟ್ಟಡದಲ್ಲಿ ಗೋಡೆಗಿಂತ ಗಾಜೇ ಹೆಚ್ಚು. ಒಳಗೆ ತಂಪು, ಎಷ್ಟು ತಂಪೆಂದರೆ ಕೂತವರೆಲ್ಲ ಬೇಸಗೆಯಲ್ಲೂ ಸ್ವೆಟರ್ ಹಾಕಿದ್ದರು. ವರದಿ ಬರೆದಾಕೆಯನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಚೆಂಡಕ್ಕ ಅವಳನ್ನು ಡಾಕ್ಟರಮ್ಮ ಎಂದು ಕರೆದಳು. ಡಾಕ್ಟರಮ್ಮ ಕೆಟ್ಟವಳಲ್ಲ. ಎದ್ದು ನಿಂತು ಕುರ್ಚಿ ಎಳೆದಳು, ಟೀ ತರಿಸಿದಳು, ಪೂರ್ತಿ ಕೇಳಿದಳು.

"ನಿಮ್ಮ ಸಿಟ್ಟು ನನಗೆ ಅರ್ಥ ಆಗತ್ತಮ್ಮ," ಎಂದಳು.

"ಸಿಟ್ಟು ಅರ್ಥ ಆಗೋಕೆ ಓದಬೇಕಾಗಿಲ್ಲ ಡಾಕ್ಟರಮ್ಮ. ಕಾಗದ ತಿದ್ದಿ."

"ಈಗ ತಿದ್ದೋಕಾಗಲ್ಲ. ಮಾಹಿತಿ ಎಲ್ಲಾ ಸೇರಿಸಿ ಮುಚ್ಚಿಯಾಗಿದೆ. ಅದಕ್ಕೆ ಬೀಗ ಹಾಕಿದ ಹಾಗೆ."

"ಬೀಗ ಹಾಕಿದ್ದು ಯಾರು?"

"ನಾವೇ."

"ಹಾಗಾದ್ರೆ ಬೀಗದ ಕೈ ನಿಮ್ಮ ಹತ್ರಾನೇ ಇರ್ಬೇಕಲ್ಲ."

ಡಾಕ್ಟರಮ್ಮ ಟೀ ಲೋಟವನ್ನು ಅವಳ ಕಡೆ ಸರಿಸಿದಳು. "ನೋಡಿ, ಎಲ್ಲಾ ದೇಶದಲ್ಲೂ ಒಪ್ಪಿರೋ ಒಂದು ವ್ಯಾಖ್ಯೆ ಇದೆ. ಅದರ ಪ್ರಕಾರವೇ ನಾವು…"

"ಅದೇನು ಪ್ರಶ್ನೆ? ನನಗೇ ಒಂದ್ಸಲ ಕೇಳಿ. ನನಗೆ ಯಾರೂ ಕೇಳಿಲ್ಲ."

ಆಕೆ ಮಗಳ ಕಡೆ ನೋಡಿದಳು. ಮಗಳು ತಲೆ ಎತ್ತಲಿಲ್ಲ. ಆಕೆ ಕಂಪ್ಯೂಟರಿನಲ್ಲಿ ಹುಡುಕಿ, ಮೆಲ್ಲನೆ ಓದಿದಳು: "ಕಳೆದ ಏಳು ದಿನಗಳಲ್ಲಿ, ಕೂಲಿಗಾಗಿ ಅಥವಾ ಲಾಭಕ್ಕಾಗಿ, ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?"

"ಒಂದು ಗಂಟೆ!" ಎಂದಳು ಚೆಂಡಕ್ಕ. ಅವಳ ದನಿ ಏರಿತು. ಆಚೆ ಮೇಜುಗಳಲ್ಲಿ ಕೂತವರು ತಿರುಗಿದರು. "ಒಂದು ಗಂಟೆ ಮಾಡಿದ್ರೂ ಸಾಕಿತ್ತಾ? ನಾನು ದಿನಕ್ಕೆ ಏಳು ಗಂಟೆ ಹೊಲೀತೀನಿ. ಏಳು ದಿನಕ್ಕೆ ಏಳು ದಿನಾನೂ. ಒಂದು ಚೆಂಡಿಗೆ ಏಳುನೂರು ಹೊಲಿಗೆ. ಪ್ರತಿ ಹೊಲಿಗೆಗೂ ದಾರ ಈ ಬೆರಳು ಕುಯ್ಯತ್ತೆ ನೋಡಿ." ಅವಳು ಎರಡೂ ಕಿರುಬೆರಳನ್ನು ಮೇಜಿನ ಮೇಲೆ ಚಾಚಿದಳು. ಗೆರೆ ಗೆರೆಯಾಗಿ ಚರ್ಮ ಸೀಳಿ ಕಪ್ಪಾಗಿತ್ತು. "ಇದನ್ನ ಬಿಡುವು ಅಂತೀರಾ? ನಿಮಗೆ ಬಿಡುವಾದಾಗ ಬೆರಳು ಕುಯ್ಕೊತೀರಾ?"

ಡಾಕ್ಟರಮ್ಮ ಬಗ್ಗಿ ಆ ಬೆರಳುಗಳನ್ನು ನೋಡಿದಳು. ಆಮೇಲೆ ಮಗಳನ್ನು ಕೇಳಿದಳು: "ಹೆಂಗಸರನ್ನ ನೇರವಾಗಿ ಕೇಳ್ಲಿಲ್ವಾ?"

"ಹದಿನೆಂಟು ನಿಮಿಷದಲ್ಲಿ ಆಗ್ತಿರ್ಲಿಲ್ಲ ಮೇಡಂ. ಯಜಮಾನರನ್ನ ಕೇಳಿದ್ರೆ ಸಾಕು ಅಂತ ಎಲ್ಲರಿಗೂ ಹೇಳಿದ್ರು."

ಆ ತಂಪಿನಲ್ಲೂ ಡಾಕ್ಟರಮ್ಮನ ಹಣೆ ಮಿನುಗಿತು. ತಪ್ಪು ಆಗಿದೆ ಎಂದಳು. ಪೂರ್ತಿ ವರದಿ ಹಿಂತೆಗೆಯುವುದು ತನ್ನೊಬ್ಬಳ ಕೈಯಲ್ಲಿಲ್ಲ, ಹಣ ಕೊಟ್ಟವರಿದ್ದಾರೆ, ಸಚಿವರ ಕೈಯಿಂದ ಬಿಡುಗಡೆಯಾಗಿದೆ. ಮುಂದಿನ ಮುದ್ರಣದಲ್ಲಿ ಒಂದು ಟಿಪ್ಪಣಿ ಹಾಕಿಸುತ್ತೇನೆ ಎಂದಳು.

"ಟಿಪ್ಪಣಿ ಅಂದ್ರೆ?"

"ಕೊನೇಲಿ, ಸಣ್ಣ ಅಕ್ಷರದಲ್ಲಿ…"

ಚೆಂಡಕ್ಕ ಎದ್ದಳು. ಟೀ ಮುಟ್ಟದೆ ಹಾಗೇ ಇತ್ತು. "ನಮ್ಮ ಹೊಟ್ಟೆ ಮೇಲೆ ಹೊಡೆದದ್ದು ದಪ್ಪ ಅಕ್ಷರದಲ್ಲಿ. ಕ್ಷಮಾಪಣೆ ಸಣ್ಣ ಅಕ್ಷರದಲ್ಲಾ?"

ತಿಂಗಳ ಕೊನೆಗೆ ಮಗಳ ಗುತ್ತಿಗೆ ಮುಗಿಯಿತು, ಮುಂದುವರಿಸಲಿಲ್ಲ. ಕಾರಣ ಬರೆದಿರಲಿಲ್ಲ. ಅಂದು ಮನೆಯಲ್ಲಿ ಗಂಜಿ. ಗಂಡ ಬಟ್ಟಲನ್ನು ದೂಡಿದ.

"ನಿನ್ನ ಬಾಯಿಂದ ಹೋಯ್ತು. ಮಗಳ ಸಂಬಳ ಹೋಯ್ತು. ನಿನಗೆ ಏನಾಗ್ಬೇಕಿತ್ತು? ಕೆಲಸ ಮಾಡ್ತಾಳೆ ಅಂತ ಬರೆದ್ರೆ ಕಿರೀಟ ಇಡ್ತಿದ್ರಾ?"

"ಕಿರೀಟ ಬೇಡ. ಎಣ್ಣೆ ಬರ್ತಿತ್ತು."

"ಅಪ್ಪ, ಅಮ್ಮನಿಂದ ಹೋಗಿಲ್ಲ," ಎಂದಳು ಮಗಳು. ಆ ಒಂದು ತಿಂಗಳಲ್ಲಿ ಅವಳ ದನಿ ಗಡುಸಾಗಿತ್ತು. "ನಾನು ಮಾಡಿದ್ದರಿಂದ ಹೋಗಿದ್ದು. ನಿಮ್ಮ ಒಂದು ಮಾತಿಂದ ಹೋಗಿದ್ದು. ಮನೇಲೇ ಇರ್ತಾಳೆ ಅಂದ್ರಲ್ಲ, ಆ ಮಾತಿಂದ."

"ನನ್ನನ್ನೇ ಅಂತೀಯಾ?"

"ಅನ್ನು ಅವನಿಗೆ, ಇನ್ನೆರಡು ಅನ್ನು," ಎಂದಳು ಅಜ್ಜಿ. "ಲೋ, ನಿನ್ನಪ್ಪನೂ ಹೀಗೇ ಅಂತಿದ್ದ. ನಾನು ಇಟ್ಟಿಗೆ ಗೂಡಲ್ಲಿ ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತೆ. ಯಾರಾದ್ರೂ ಕೇಳಿದ್ರೆ, ನನ್ನ ಜೊತೆ ಬರ್ತಾಳೆ ಅಂತಿದ್ದ. ಜೊತೆ ಬರ್ತಾಳಂತೆ! ಕೂಲಿ ಎಲ್ಲಾ ಅವನ ಹೆಸರಲ್ಲೇ. ಈ ಸೊಂಟ ಜೊತೆಗೆ ಹೋಗಿ ಬಂದು ಮುರಿದಿದ್ದೇನೋ?"

ಗಂಡ ಎದ್ದು ಹೊರಗೆ ಹೋದ. ಅವನ ಬಟ್ಟಲಿನ ಗಂಜಿಯನ್ನು ಚೆಂಡಕ್ಕ ಮುಚ್ಚಿಟ್ಟಳು. ಸಿಟ್ಟಿದ್ದರೂ ಚೆಲ್ಲುವಂತಿರಲಿಲ್ಲ.

ಮಗಳು ಸುಮ್ಮನೆ ಕೂರಲಿಲ್ಲ. ಆ ವರದಿ ಹಿಡಿದುಕೊಂಡು ಓಣಿಯ ಮನೆಮನೆಗೆ ಹೋದಳು. ಈ ಸಲ ಟ್ಯಾಬ್ ಇರಲಿಲ್ಲ, ಹದಿನೆಂಟು ನಿಮಿಷದ ಲೆಕ್ಕವೂ ಇರಲಿಲ್ಲ. ಹೊಲಿಯುತ್ತಿರುವವರ ಪಕ್ಕ ಕೂತು ಆ ಎರಡು ವಾಕ್ಯ ಓದಿ ಹೇಳಿದಳು. ಇದನ್ನ ತುಂಬಿದವಳು ನಾನೇ ಎಂದೂ ಹೇಳಿದಳು. ಕೆಲವರು ಬೈದರು. ಒಬ್ಬಾಕೆ ಬಾಗಿಲು ಹಾಕಿಕೊಂಡಳು. ಬೈದವರೂ ಆಮೇಲೆ ಗಂಡಂದಿರ ಕಡೆ ತಿರುಗಿದರು. ಆ ವಾರ ಓಣಿಯ ಯಾವ ಮನೆಯಲ್ಲೂ ನೆಮ್ಮದಿಯ ಊಟವಾಗಲಿಲ್ಲ.

ಸೋಮವಾರ ಮೇಸ್ತ್ರಿ ಚೀಲಗಳ ಗಾಡಿ ತಂದ. ಹೊರದೇಶದ ದೊಡ್ಡ ಬೇಡಿಕೆ, ಮೂರು ವಾರದಲ್ಲಿ ಹಡಗಿಗೆ ಹೋಗಬೇಕು, ಈ ಸಲ ಎಂದಿಗಿಂತ ಎರಡರಷ್ಟು ತುಂಡು. ಮೊದಲು ಚೆಂಡಕ್ಕನ ಮನೆಗೇ ಬಂದ.

"ಬೇಡ," ಎಂದಳು ಅವಳು.

"ಏನು ಬೇಡ?"

"ತುಂಡು ಬೇಡ. ನಾವು ಕೆಲಸ ಮಾಡೋರಲ್ವಲ್ಲ ಮೇಸ್ತ್ರಿ. ಕೆಲಸ ಮಾಡದವರಿಗೆ ತುಂಡು ತಂದ್ಕೊಟ್ರೆ ಏನು ಮಾಡ್ತಾರೆ?"

"ತಮಾಷೆ ಸಾಕು ಅಕ್ಕ."

"ತಮಾಷೆ ಅಲ್ಲ. ಬಿಡುವಾದಾಗ ಹೊಲಿಯೋದು ಅಂತ ಬರೆದಿದೆ. ನಮಗೆ ಈ ತಿಂಗಳು ಬಿಡುವಿಲ್ಲ."

ಅವನು ಗಾಡಿ ತಳ್ಳಿಕೊಂಡು ಎದುರುಮನೆಗೆ ಹೋದ. "ಬಿಡುವಿಲ್ಲ ಕಣಪ್ಪ," ಎಂದಳು ಎದುರುಮನೆ ಅಕ್ಕ, ಕೈಕಟ್ಟಿ ಮೆಟ್ಟಿಲ ಮೇಲೆ ಕೂತೇ. ಮೂರನೆಯ ಮನೆ, ನಾಲ್ಕನೆಯ ಮನೆ. ಓಣಿಯ ಕೊನೆ ಮುಟ್ಟುವ ಹೊತ್ತಿಗೆ ಮೇಸ್ತ್ರಿಯ ಅಂಗಿ ಬೆನ್ನಿಗಂಟಿತ್ತು, ಗಾಡಿ ತುಂಬಿದ್ದು ತುಂಬಿದಂತೇ ಇತ್ತು.

ಮೊದಲ ಮೂರು ದಿನ ಹಬ್ಬದ ಹುರುಪು. ಆಮೇಲೆ ಹಸಿವು ಶುರುವಾಯಿತು. ಎಣ್ಣೆ ಮುಗಿಯಿತು, ಮೊಟ್ಟೆ ನಿಂತಿತು, ಬೇಳೆ ನೀರಾಗುತ್ತ ಹೋಯಿತು. ಆರನೆಯ ದಿನ ಮೂಲೆಮನೆಯಾಕೆ, ಗಂಡನಿಲ್ಲದವಳು, ಹಿತ್ತಲ ಬಾಗಿಲಿಂದ ಒಂದು ಚೀಲ ತೆಗೆದುಕೊಂಡಳು. ಸುದ್ದಿ ಕೇಳಿ ಚೆಂಡಕ್ಕ ಅವಳ ಬಾಗಿಲಿಗೇ ಹೋಗಿ, ನಾಚಿಕೆಯಾಗಲ್ವಾ ಎಂದು ಕೂಗಾಡಿ ಬಂದಳು.

"ಅವಳಿಗೆ ಉಗಿದು ಬಂದ್ಯಾ?" ಎಂದಳು ಅತ್ತೆ. "ನಿನ್ನ ಮನೇಲಿ ಇನ್ನೊಂದು ಸಂಬಳ ಬರತ್ತೆ, ಕಡಿಮೆಯೋ ಹೆಚ್ಚೋ. ಅವಳ ಮನೇಲಿ ಯಾರಿದಾರೆ? ಅಕ್ಕಿ ಡಬ್ಬ ತೆಗೆದು ನೋಡಿದ್ಯಾ ಅವಳದು?"

ಸ್ವಲ್ಪ ಹೊತ್ತಿನ ಮೇಲೆ ಚೆಂಡಕ್ಕ ತನ್ನ ಡಬ್ಬದಿಂದ ಎರಡು ಲೋಟ ಅಕ್ಕಿ ಅಳೆದು, ಅರ್ಧ ಲೋಟ ವಾಪಸ್ಸು ಸುರಿದು, ಮತ್ತೆ ಅದನ್ನೂ ಅಳೆದು, ಮೂಲೆಮನೆಗೆ ಒಯ್ದಳು. ಬೇರೆ ಮನೆಗಳಿಂದಲೂ ಬಂತು. ಮೂಲೆಮನೆಯಾಕೆ ಚೀಲವನ್ನು ಬಿಚ್ಚದೆಯೇ ಬೀದಿಗಿಟ್ಟಳು.

ಎಂಟನೆಯ ದಿನ ಗಂಡ ಮಧ್ಯಾಹ್ನವೇ ಮನೆಗೆ ಬಂದ. ಹೆಗಲ ಟವೆಲ್ಲು ಕೈಯಲ್ಲಿತ್ತು.

"ಬೆನ್ನಾ?" ಎಂದಳು ಅವಳು, ಗಾಬರಿಯಿಂದ.

"ಬೆನ್ನಲ್ಲ. ಮೂರು ದಿನ ಬರ್ಬೇಡ ಅಂದ್ರು."

"ಯಾಕೆ?"

ಅವನು ಗೋಡೆಗೊರಗಿ ಕೂತ. "ಮ್ಯಾನೇಜರು ಕರೆದ. ನಿನ್ನ ಹೆಂಡ್ತೀನೇ ಎಲ್ಲರ ತಲೆ ಕೆಡ್ಸಿದಾಳಂತೆ, ನಾಳೆಯಿಂದ ಕೆಲಸ ಶುರು ಮಾಡು ಅಂತ ಹೇಳು ಅಂದ." ಅವನು ಗಂಟಲು ಸರಿಮಾಡಿಕೊಂಡ. "ನಾನಂದೆ, ಸಾರ್, ನನ್ನ ಹೆಂಡ್ತಿ ಏನೂ ಕೆಲಸ ಮಾಡಲ್ಲ. ಮನೇಲೇ ಇರ್ತಾಳೆ. ಬೇಕಾದ್ರೆ ಆ ವರದಿ ತೆಗೆದು ನೋಡಿ, ನಾನೇ ಬರೆಸಿದ್ದು ಅಂತ."

ಮೊದಲು ಅಜ್ಜಿ ನಕ್ಕಳು, ಕೆಮ್ಮು ಬರುವಷ್ಟು. ಮಗಳು ನಕ್ಕಳು. ಚೆಂಡಕ್ಕ ನಗಲಿಲ್ಲ.

"ಅವನ ಹತ್ರ ಹೇಳಿದ್ದು ಸರಿ," ಎಂದಳು. "ನನ್ನ ಹತ್ರ ಹೇಳ್ಬೇಕಾದ್ದು ಇನ್ನೂ ಬಾಕಿ ಇದೆ."

ಗಂಡ ಟವೆಲ್ಲನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಹೌದು," ಎಂದ. "ಆ ಏಳು ತಿಂಗಳು ನೀನು ಹೊಲಿದಿದ್ದನ್ನೇ ತಿಂದಿದ್ದು ನಾನು. ಅದನ್ನ ಒಪ್ಕೊಳ್ಳೋಕೆ ನಾಚಿಕೆ ಆಯ್ತು. ತಪ್ಪಾಯ್ತು."

ಅವಳು ತಣ್ಣಗಾದ ಗಂಜಿಯನ್ನು ಬಿಸಿಮಾಡಿ ತಂದಿಟ್ಟಳು. ಕುಕ್ಕಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಮೇಸ್ತ್ರಿ ಒಬ್ಬನೇ ಬರಲಿಲ್ಲ. ಹಿಂದೆ ತುಂಡುಗಳ ಲಾರಿ, ಮುಂದೆ ಕಂಪನಿಯ ಗುಮಾಸ್ತ, ಕೈಯಲ್ಲಿ ಅಚ್ಚು ಹಾಕಿದ ಕಾಗದದ ಕಟ್ಟು. ಹೆಂಗಸರೆಲ್ಲ ಬೀದಿಗೆ ಬಂದರು. ಗುಮಾಸ್ತ ಓದಿದ: ಒಂದು ಚೆಂಡಿಗೆ ಈಗಿನದರ ಒಂದೂವರೆ ಪಟ್ಟು. ಸಡಿಲ ಎಂದು ಪಕ್ಕಕ್ಕಿಟ್ಟ ಚೆಂಡನ್ನು ಅದೇ ದಿನ ಹಿಂದಿರುಗಿಸುವುದು.

ಕೇಳಿದ್ದು ಎರಡು ಪಟ್ಟು. ಆದರೂ ಹೆಂಗಸರ ನಡುವೆ ಒಂದು ನಿಟ್ಟುಸಿರು ಸುಳಿಯಿತು. ಹನ್ನೊಂದು ದಿನವಾಗಿತ್ತು. ಎದುರುಮನೆ ಅಕ್ಕ ಆಗಲೇ ಕೈ ಚಾಚಿದ್ದಳು.

"ಪೂರ್ತಿ ಓದಿ," ಎಂದಳು ಮಗಳು.

ಗುಮಾಸ್ತ ಕನಲಿದ. ಓದಿದ: "ಬಿಡುವಿನ ವೇಳೆಯಲ್ಲಿ ಹೊಲಿಗೆ ಚಟುವಟಿಕೆ ನಡೆಸುವ ಗೃಹಿಣಿಯರಿಗೆ ಕಂಪನಿಯು ಔದಾರ್ಯದಿಂದ ನೀಡುವ ಪ್ರೋತ್ಸಾಹಧನ…"

"ಇದಕ್ಕೆ ಹೆಬ್ಬೆಟ್ಟು ಒತ್ತಲ್ಲ," ಎಂದಳು ಚೆಂಡಕ್ಕ.

"ಯಾಕಕ್ಕ?" ಎಂದಳು ಎದುರುಮನೆಯವಳು, ಕಂಗಾಲಾಗಿ. "ದುಡ್ಡು ಬಂತಲ್ಲ. ಮಾತು ಏನಾದ್ರೆ ನಮಗೇನು? ಮಾತು ತಿಂತೀವಾ?"

ಹಿಂದಿನಿಂದ ಇನ್ನಿಬ್ಬರು ಹೌದೆಂದರು. ಒಬ್ಬಾಕೆ, ಇವಳದ್ದು ಅತಿಯಾಯ್ತು ಎಂದೂ ಗೊಣಗಿದಳು. ಚೆಂಡಕ್ಕ ಸುತ್ತಲಿನ ಮುಖಗಳನ್ನು ನೋಡಿದಳು. ಇವರೆಲ್ಲ ಈಗ ಒತ್ತಿಬಿಟ್ಟರೆ ತಾನೊಬ್ಬಳೇ ನಿಲ್ಲಬೇಕು.

"ಔದಾರ್ಯ ಅಂದ್ರೆ ಅವರಿಗೆ ಮನಸ್ಸು ಬಂದಾಗ ಕೊಡೋದು, ಮನಸ್ಸು ಕೆಟ್ಟಾಗ ನಿಲ್ಸೋದು," ಎಂದಳು ಅವಳು, ಓಣಿಯ ಕಡೆ ತಿರುಗಿ. "ಮುಂದಿನ ವರ್ಷ ನಿಲ್ಸಿದ್ರೆ ಯಾವ ಬಾಯಲ್ಲಿ ಕೇಳ್ತೀರಿ? ಭಿಕ್ಷೆ ಕಡಿಮೆಯಾಯ್ತು ಅಂತ ಯಾವ ಇಲಾಖೆಗೆ ಅರ್ಜಿ ಕೊಡ್ತೀರಿ? ಒಂದು ಮಾತು ತಪ್ಪಾಗಿ ಬರೆಸಿದ್ದಕ್ಕೆ ಎರಡು ವರ್ಷದ ಫೈಲು ಮುಚ್ಚಿದ್ರು. ನಾನು ಇನ್ನೊಂದು ಸಲ ತಪ್ಪು ಮಾತಿಗೆ ಒಪ್ಪಲ್ಲ."

ಮೂಲೆಮನೆಯಾಕೆ ಮೊದಲು ಹೆಜ್ಜೆ ಹಿಂದಿಟ್ಟಳು. ಅವಳ ಹಿಂದೆ ಇನ್ನೊಬ್ಬಳು. ಎದುರುಮನೆ ಅಕ್ಕ ಚಾಚಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಗುಮಾಸ್ತ ಫೋನು ಹಿಡಿದು ಲಾರಿಯ ಆಚೆ ಹೋದ. ಬಿಸಿಲು ಏರಿತು. ಹೆಂಗಸರು ನಿಂತೇ ಇದ್ದರು. ಗಂಡ ಮನೆಯೊಳಗಿನಿಂದ ಬಿಂದಿಗೆಯಲ್ಲಿ ನೀರು ತಂದು ಎಲ್ಲರಿಗೂ ಕೊಟ್ಟ. ಗುಮಾಸ್ತ ಎರಡು ಸಲ ಬಂದು, ಅದೇ ದುಡ್ಡು ತಾನೇ, ಎಂದ. ಎರಡು ಸಲವೂ ವಾಪಸ್ಸು ಹೋದ. ಒಂದು ಗಂಟೆಯ ಮೇಲೆ ಬಂದು, ಲಾರಿಯ ಬಾನೆಟ್ಟಿನ ಮೇಲೆ ಕಾಗದ ಹರವಿ, ಪೆನ್ನಿನಿಂದ ಆ ಸಾಲನ್ನು ಹೊಡೆದು ಹಾಕಿದ.

"ಏನಂತ ಬರೀಲಿ ಹೇಳಿ ಮತ್ತೆ."

"ಕೂಲಿ ಅಂತ ಬರೀರಿ. ಹೊಲಿಗೆ ಕೆಲಸದ ಕೂಲಿ."

ಬರೆದ. ಮಗಳು ಓದಿ ನೋಡಿ ತಲೆ ಆಡಿಸಿದಳು. ಚೆಂಡಕ್ಕ ಮೊದಲ ಹೆಬ್ಬೆಟ್ಟು ಒತ್ತಿದಳು, ಆಮೇಲೆ ಮೂಲೆಮನೆಯಾಕೆ, ಆಮೇಲೆ ಸಾಲು. ಒಂದು ಪ್ರತಿಯನ್ನು ಮಗಳು ಇಸಕೊಂಡಳು, ಮುಚ್ಚಿದ ಫೈಲನ್ನು ತೆರೆಸುವ ಹೊಸ ಅರ್ಜಿಗೆ ಲಗತ್ತಿಸಲು. ವರದಿಯಂತೂ ಹಾಗೇ ಇತ್ತು, ಎಲ್ಲೆಲ್ಲಿಯೋ ಗಾಜಿನ ಕಟ್ಟಡಗಳ ಕಪಾಟಿನಲ್ಲಿ, ಎಂಬತ್ತೆರಡು ಎಂದೇ ಹೇಳುತ್ತ. ಟಿಪ್ಪಣಿ ಬಂತೋ ಇಲ್ಲವೋ ಓಣಿಗೆ ಯಾರೂ ತಿಳಿಸಲಿಲ್ಲ.

"ಆಯ್ತಲ್ಲ, ಇನ್ನಾದ್ರೂ ಚೀಲ ಇಳಿಸ್ಕೊಂಡು ಶುರು ಮಾಡಿ," ಎಂದ ಮೇಸ್ತ್ರಿ, ಅವಸರದಿಂದ. "ಹಡಗು ಕಾಯಲ್ಲ. ಹನ್ನೊಂದು ದಿನ ಹಾಳಾಗಿದೆ. ಈಗಲೇ ಕೂತ್ರೆ ಸಂಜೆಯೊಳಗೆ ಒಂದೊಂದಾದ್ರೂ ಆಗತ್ತೆ."

ಚೆಂಡಕ್ಕ ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು.

"ಈಗ ಊಟದ ಹೊತ್ತು ಮೇಸ್ತ್ರಿ," ಎಂದಳು. "ಕೆಲಸ ಮಾಡೋರಿಗೆ ಊಟದ ಹೊತ್ತು ಅಂತ ಒಂದಿರತ್ತೆ. ಲಾರಿ ನಿಲ್ಲಿಸಿರಿ, ಉಂಡು ಬರ್ತೀವಿ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಓಣಿಯುದ್ದಕ್ಕೂ ಒಂದೊಂದಾಗಿ ಬಾಗಿಲುಗಳು ಮುಚ್ಚಿದವು. ಲಾರಿ ಬಿಸಿಲಲ್ಲಿ ನಿಂತು ಕಾಯಿತು.